ನೀರಿನ ಹಿಂದೆ ನಡೆದ ಗೂಟ

ನಾನು ಬಿ.ಎ. ಓದಿ ಮೀನು ಮಾರುವವಳು. ಮೊದಲೇ ಹೇಳಿಬಿಡುತ್ತೇನೆ, ಯಾರೂ ಲೊಚಗುಟ್ಟುವುದು ಬೇಡ. ರಬಕವಿಯಲ್ಲಿ ಹುಟ್ಟಿ, ಜಮಖಂಡಿಯ ಕಾಲೇಜಿನಲ್ಲಿ ಮೂರು ವರ್ಷ ಬೆಂಚು ಸವೆಸಿ, ಬೀಳಗಿ ತಾಲೂಕಿನ ಹಿನ್ನೀರಿನ ದಂಡೆಗೆ ಸೊಸೆಯಾಗಿ ಬಂದೆ. ಗಂಡ ಬಲೆ ಹಾಕುತ್ತಿದ್ದ, ನಾನು ಬುಟ್ಟಿ ಹೊರುತ್ತಿದ್ದೆ. ಮೀನಿನ ಬುಟ್ಟಿಯವಳು ಬಸ್ಸಿನಲ್ಲಿ ಕುಳಿತು ಪೇಪರು ಓದಿದರೆ ಕಂಡಕ್ಟರನಿಗೆ ನಗು. ನಗಲಿ ಬಿಡಿ. ಅವನ ಮನೆಗೆ ನಾನೇನು ಹೆಣ್ಣು ಕೇಳಲು ಹೋಗಿರಲಿಲ್ಲ.

ನಮ್ಮ ದಂಡೆಯಲ್ಲಿ ಪ್ರತಿ ದೋಣಿಗೂ ಒಂದು ಗೂಟ. ಜಾಲಿ ಕಟ್ಟಿಗೆ, ಮೊಳಕಾಲೆತ್ತರ, ಹುಳ ಹತ್ತದಿರಲೆಂದು ತುದಿ ಸುಟ್ಟು ಕಪ್ಪು ಮಾಡಿದ್ದು. ಗೂಟ ಇದ್ದವನು ದಂಡೆಯವನು. ಅವನಿಗೆ ಬಲೆ ಹಾಕುವ ಪಾಳಿ ಉಂಟು, ನಾಲ್ಕು ಜನ ಕೂಡಿದಲ್ಲಿ ಮಾತಾಡುವ ಹಕ್ಕುಂಟು. ಆದರೆ ಹಿನ್ನೀರು ಒಂದು ಕಡೆ ನಿಲ್ಲುವಂಥದ್ದಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಜೋಳದ ಹೊಲದ ಬದುವಿನವರೆಗೆ ಏರಿರುತ್ತದೆ, ಚಳಿಗಾಲದಲ್ಲಿ ಇಳಿಯಲು ಶುರುವಾಗಿ ಬೇಸಿಗೆಯಲ್ಲಿ ಅರ್ಧ ಮೈಲಿ ಆಚೆ ಹೋಗಿ ಕೂರುತ್ತದೆ. ನೀರು ಸರಿದಂತೆಲ್ಲ ಗೂಟವನ್ನೂ ಕಿತ್ತು ಸರಿಸಬೇಕು. ತನ್ನ ಗೂಟವನ್ನು ತಾನೇ ಸರಿಸಬೇಕು, ಇನ್ನೊಬ್ಬರದನ್ನು ಮುಟ್ಟುವಂತಿಲ್ಲ. ಬೇರೆಯವರು ನಿನ್ನ ಗೂಟಕ್ಕೆ ಕೈ ಹಾಕಿದರು ಎಂದರೆ ಅದಕ್ಕೆ ಒಂದೇ ಅರ್ಥ, ನಿನ್ನನ್ನು ದಂಡೆಯಿಂದ ತೆಗೆದಿದ್ದಾರೆ.

ನನ್ನ ಗಂಡ ಹೋದ ವರ್ಷ ದೀಪಾವಳಿಯ ಹಿಂದುಮುಂದು ಕಾಮಣಿಯಾಗಿ, ಕಣ್ಣು ಮೈ ಹಳದಿಯಾಗಿ ತೀರಿಕೊಂಡ. ದೋಣಿ ಅವನಿಗಿಂತ ಮೊದಲೇ ತಳ ಕೊಳೆತು ಹೋಗಿತ್ತು. ಉಳಿದದ್ದು ಗೂಟ. ಹದಿಮೂರನೆಯ ದಿನ ಕಳೆದು ದಂಡೆಗೆ ಹೋದೆ, ನೀರು ಎರಡು ಮಾರು ಹಿಂದೆ ಸರಿದಿತ್ತು, ಎಲ್ಲರ ಗೂಟ ಸರಿದಿತ್ತು, ಅವನದೊಂದು ಒಣ ಕೆಸರಿನಲ್ಲಿ ನಿಂತಿತ್ತು. ಮನೆಗೆ ಹೋಗಿ ಸುತ್ತಿಗೆ ತಂದು, ಅಲುಗಾಡಿಸಿ ಕಿತ್ತು, ನೀರಿನಂಚಿಗೆ ಬಡಿದೆ. ಅವತ್ತು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಅಲ್ಲಿಂದ ಒಂದು ವರ್ಷ ಪೂರ್ತಿ ಆ ಖಾಲಿ ಗೂಟವನ್ನು ನೀರಿನ ಹಿಂದೆ ನಡೆಸಿದೆ. ಬೇಸಿಗೆಯಲ್ಲಿ ಅರ್ಧ ಮೈಲಿ ಕೆಳಗೆ, ಮಳೆ ಬಂದಮೇಲೆ ಮತ್ತೆ ಅರ್ಧ ಮೈಲಿ ಮೇಲೆ. ದೋಣಿ ಇಲ್ಲದ ಗೂಟಕ್ಕೆ ಇಷ್ಟೊಂದು ಉಪಚಾರ ಯಾಕೆ ಎಂದು ಗಂಡಸರು ಬೀಡಿ ಸೇದುತ್ತ ನೋಡುತ್ತಿದ್ದರು. ನಾನು ಬಡಿಯುತ್ತಿದ್ದೆ.

ಈ ವರ್ಷ ದೀಪಾವಳಿ ಕಳೆದ ಮೇಲೆ ದಂಡೆಯ ಹಿರಿಯರು ನನ್ನನ್ನು ಕರೆಸಿದರು. ಅವರು ನನ್ನ ಗಂಡನ ದೊಡ್ಡಪ್ಪ. ನಾನು ಅವರನ್ನು ಮಾವ ಎಂದೇ ಕರೆಯುವುದು. ಎಪ್ಪತ್ತು ದಾಟಿದ್ದಾರೆ, ಈಗಲೂ ಅವರ ಒಂದು ಕೂಗು ಆಚೆ ದಂಡೆಗೆ ಕೇಳಿಸುತ್ತದೆ.

"ನೋಡವಾ, ವರ್ಷ ಆತು" ಎಂದರು. "ದೋಣಿ ಇಲ್ಲದ ಗೂಟ ಎಷ್ಟ ದಿನ ಇಡೂದು? ಎಳ್ಳಮಾಸಿಗಿ ಕಿತ್ತ ಹಾಕಿ ಬ್ಯಾರೇದಾವಗ ಕೊಡ್ತೇವಿ. ನೀ ಮೀನ ಮಾರು, ಯಾರ ಬ್ಯಾಡ ಅಂತಾರ?"

"ದೋಣಿ ತರ್ತೇನ್ರಿ" ಎಂದೆ. "ನಮ್ಮಪ್ಪಂದು ರಬಕವ್ಯಾಗ ಐತಿ."

"ತಂದು? ಹುಟ್ಟ ಯಾರ ಹಾಕೂದು?"

"ನಾನ."

ಸುತ್ತ ಕುಳಿತವರು ನಕ್ಕರು. ಮಾವ ನಗಲಿಲ್ಲ, ಅದೇ ಇನ್ನೂ ಉರಿಯಿತು. "ಟ್ರ್ಯಾಕ್ಟರದಾಗ ಹೇರ್ಕೊಂಡ ಬಂದ್ರ ದೋಣಿ ಬರತೈತಿ, ಅಂಬಿಗ ಬರೂದಿಲ್ಲ" ಎಂದರು. "ರಬಕವಿಯಿಂದ ಇಲ್ಲಿತನಕ ನೀರ ಮ್ಯಾಲ ತಾ. ನೀನ ಹುಟ್ಟ ಹಾಕು, ಇನ್ನೊಬ್ಬರ ಕೈಗಿ ಕೊಡಬ್ಯಾಡ. ಎಳ್ಳಮಾಸಿ ಒಳಗ ಬಂದ್ರ ಗೂಟ ನಿಂದು."

ಎಳ್ಳು ಅಮಾವಾಸ್ಯೆಯೊಳಗೆ ಆಗುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ ಮಾತು ಅದು. ನನಗೂ ಗೊತ್ತಾಯಿತು. "ಆತ್ರಿ ಮಾವಾರ" ಎಂದು ಎದ್ದು ಬಂದೆ.

ರಬಕವಿಯಲ್ಲಿ ತಮ್ಮ ಮಗ್ಗ ನಡೆಸುತ್ತಾನೆ. ಹೊಳೆ ದಾಟಿಸಲು ಎಂಜಿನ್ನಿನ ಬಾರ್ಜು ಬಂದ ಮೇಲೆ ಅಪ್ಪನ ದೋಣಿ ಅವನ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಕೆಳಗೆ ಕೋಳಿ ಸಂಸಾರ. ಕೋಳಿಗಳನ್ನು ಓಡಿಸಿ ದೋಣಿ ಮಗುಚಿದೆವು. ಹಲಗೆ ಗಟ್ಟಿ ಇದ್ದವು, ಸಂದುಗಳು ಬಾಯಿ ಬಿಟ್ಟಿದ್ದವು. ನಮ್ಮ ಕಡೆ ಅದಕ್ಕೆ ಮಗ್ಗದ ರದ್ದಿ ನೂಲೇ ಮದ್ದು. ಬನಹಟ್ಟಿಯ ಮಗ್ಗಗಳ ಕೆಳಗೆ ಬಿದ್ದ ಬಣ್ಣಬಣ್ಣದ ತುಂಡು ನೂಲನ್ನು ಹೊಸೆದು, ಕಾಸಿದ ಡಾಂಬರಿನಲ್ಲಿ ಅದ್ದಿ, ಉಳಿಯಿಂದ ಸಂದಿಗೆ ಜಡಿಯುತ್ತಾರೆ. ಅಪ್ಪ ಮಾಡುತ್ತಿದ್ದುದನ್ನು ನೋಡಿ ಕಲಿತಿದ್ದೆ. ಮೂರು ದಿನ ನಾನೂ ತಮ್ಮನೂ ಜಡಿದೆವು.

"ಅಕ್ಕಾ, ನಾ ಟ್ರ್ಯಾಕ್ಟರ್ ಹೇಳ್ತೇನಿ" ಎಂದು ಅವನು ಮೂರು ದಿನವೂ ಹೇಳಿದ. "ದಂಡಿಗಿಂತ ಸ್ವಲ್ಪ ಮ್ಯಾಲ ಇಳಿಸಿ ಬಿಡ್ತೇನಿ. ಯಾರಿಗಿ ಗೊತ್ತಾಗತೈತಿ?"

"ನನಗ ಗೊತ್ತಾಗತೈತಲ್ಲೋ ಖೋಡಿ."

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು, ಮುಂದಿನದಕ್ಕೆಲ್ಲ ಅದೇ ಬೇರು. ನಮ್ಮ ಹೊಳೆಯಲ್ಲಿ ಪರದಂಡೆಯ ಅಂಬಿಗ ಬಂದರೆ ಅವನು ತಾನೇ ಹುಟ್ಟು ಹಾಕಿಕೊಂಡು ದಂಡೆಗೆ ಹತ್ತುವಂತಿಲ್ಲ. ದಂಡೆಯವನೊಬ್ಬ ಎದೆಮಟ್ಟ ನೀರಿಗಿಳಿದು, ದೋಣಿ ಹತ್ತಿ, ಹುಟ್ಟು ಇಸಿದುಕೊಂಡು ಕೊನೆಯ ಇಪ್ಪತ್ತು ಮೂವತ್ತು ಮಾರು ತಾನೇ ನಡೆಸಿ ತರುತ್ತಾನೆ. ಹುಟ್ಟು ಹಿಡಿಯುವುದು ಎನ್ನುತ್ತಾರೆ. "ನಮ್ಮ ದಂಡಿ ಕಲ್ಲ ನಮಗ ಗೊತ್ತು, ಅವಗೇನ ಗೊತ್ತು?" ಎನ್ನುತ್ತಿದ್ದ ಅಪ್ಪ. ಜ್ವರ ಬಂದಾಗಲೂ ಇಳಿದದ್ದುಂಟು. ಮಾತು ಬಿಟ್ಟವನ ದೋಣಿ ಬಂದಾಗಲೂ ಇಳಿದು, ಒಂದು ಮಾತೂ ಆಡದೆ ಹುಟ್ಟು ಹಿಡಿದು ತಂದು, ಒಂದು ಮಾತೂ ಆಡದೆ ಮನೆಗೆ ಹೋಗಿದ್ದ. ತಮಾಷೆಗೆ ತೆಪ್ಪ ತೇಲಿಸಿಕೊಂಡು ಬಂದವರಿಗೆ ಮಾತ್ರ ದಂಡೆಯ ಮೇಲಿಂದಲೇ ಬೈಗುಳ. ಚಿಕ್ಕವಳಿದ್ದಾಗ ಇದನ್ನೆಲ್ಲ ನೋಡಿದ್ದೆ. ನೋಡಿದ್ದೆ, ಅಷ್ಟೇ. ಅದರಲ್ಲಿ ಏನಿದೆ ಎಂದು ತಿಳಿದಿರಲಿಲ್ಲ.

ಹೊರಟ ದಿನ ಮುಧೋಳದಿಂದ ಮಗಳ ಫೋನು. ಅಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ.

"ಅವ್ವಾ, ನಿನಗ ಹುಚ್ಚ ಹಿಡದೈತೇನಬೇ? ಈ ವಯಸ್ಸಿನಾಗ ಹೊಳ್ಯಾಗ ಒಬ್ಬಾಕಿ? ಅಲ್ಲೇ ನಿಲ್ಲು, ನಾ ಬಂದು ಕರಕೊಂಡ ಬರ್ತೇನಿ."

"ನಿನ್ನ ಆಫೀಸಿನಾಗ ನಿನ್ನ ಖುರ್ಚಿ ಮ್ಯಾಲ ಇನ್ನೊಬ್ಬಾಕಿ ಬಂದ ಕುಂತರ ಸುಮ್ಕ ಮನೀಗಿ ಹೋಗ್ತಿಯೇನ?"

ಆ ಕಡೆ ಖುರ್ಚಿ ಸರಿದ ಸದ್ದು. ಆಮೇಲೆ, "ತಿನ್ನಾಕ ಏನ ಕಟ್ಟಕೊಂಡಿ?" ಎಂದಳು. ನನ್ನ ಮಗಳೇ ಅವಳು.

ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅಪ್ಪನ ಕಂಬಳಿ, ಒಂದು ಡಬ್ಬಿ ಡಾಂಬರು, ಒಂದು ಚೀಲ ರದ್ದಿ ನೂಲು, ಲಂಗರಿಗೆ ಹಗ್ಗ ಕಟ್ಟಿದ ಬೀಸುಕಲ್ಲಿನ ಹೋಳು. ಇಷ್ಟು ಹೇರಿಕೊಂಡು ನೀರಿಗಿಳಿದೆ. ಮೊದಲ ದಿನ ಹೊಳೆ ನನ್ನನ್ನು ಕರೆದುಕೊಂಡು ಹೋಯಿತು. ಎರಡನೆಯ ದಿನ ಮೂಡಗಾಳಿ ಎದ್ದು ಎದೆಗೆ ಹೊಡೆಯತೊಡಗಿತು. ಅಂಗೈ ಬೊಬ್ಬೆ ಒಡೆದವು. ಸೆರಗು ಹರಿದು ಸುತ್ತಿಕೊಂಡೆ. ಹೊಳೆಗೆ ಬೈದೆ, ಗಾಳಿಗೆ ಬೈದೆ, ಮಾವನಿಗೆ ಬೈದೆ. ಸತ್ತ ಗಂಡನಿಗೂ ಒಂದಿಷ್ಟು ಬೈದೆ, ತಳ ಕೊಳೆಯುವ ತನಕ ದೋಣಿಗೆ ಡಾಂಬರು ಹಚ್ಚಲಿಲ್ಲವಲ್ಲ ಎಂದು. ಬೈದಷ್ಟೂ ಕೈ ಓಡುತ್ತಿತ್ತು.

ಬ್ಯಾರೇಜು ಬಂತು. ದೋಣಿ ಅದರೊಳಗೆ ಹಾಯುವಂತಿಲ್ಲ. ನೀರಿನಿಂದ ಎತ್ತಿ, ಪಕ್ಕದ ಏರಿ ಹತ್ತಿಸಿ, ಆಚೆ ಇಳಿಸಬೇಕು. ಟ್ರ್ಯಾಕ್ಟರಿನವನೊಬ್ಬ ತಾನಾಗಿ ನಿಲ್ಲಿಸಿದ, ನಾನು ಬೇಡವೆಂದೆ. ಅವನು ನನ್ನನ್ನೂ ದೋಣಿಯನ್ನೂ ಒಮ್ಮೆ ನೋಡಿ, ತಲೆಗೆ ಬೆರಳು ತಿರುಗಿಸಿ ಹೋದ. ಒಬ್ಬಳೇ ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆದೆ. ಒಂದು ಗೇಣು ಸರಿಯಿತು. ಕುಂಡಿ ಊರಿ ಕುಳಿತೆ.

ಏರಿಯ ಮೇಲೆ ಕುರಿ ಹಿಂಡು ಬಂತು. ಸಾವಳಗಿ ಕಡೆಯ ಹಾಲುಮತದವರು, ನಾಲ್ಕು ಜನ, ಮುಂದೆ ಹಣೆತುಂಬ ಅರಿಸಿನದ ಭಂಡಾರ ಹಚ್ಚಿದ ಅಜ್ಜ. ಯಾವೂರು, ಯಾರ ಪೈಕಿ ಎಂದು ಕೇಳಿ ಆದಮೇಲೆ, "ಟ್ರ್ಯಾಕ್ಟರ ಯಾಕ ಬ್ಯಾಡ ಅಂದಿಬೇ?" ಎಂದ. ಹೇಳಿದೆ. ಗೂಟದ ಕತೆ ಪೂರ್ತಿ ಕೇಳಿ ಅಜ್ಜ ತಲೆಯಾಡಿಸಿದ. "ನಮ್ಮ ಹಟ್ಟಿ ಗೂಟಾ ಯಾರರ ಕಿತ್ತರ ನಾವೂ ಬಿಡೂದಿಲ್ಲ" ಎಂದು, ನಾಲ್ವರ ಕೋಲುಗಳನ್ನೂ ಅಡ್ಡ ಹಾಸಿಸಿ, ಅವುಗಳ ಮೇಲೆ ದೋಣಿ ಉರುಳಿಸಿದ. ಹಿಂದಿನ ಕೋಲು ಬಿಡುವಾಗುತ್ತಲೇ ಮುಂದಕ್ಕೆ ಬರುತ್ತಿತ್ತು. ನಾನು ಮೂತಿ ಹಿಡಿದೆ. ಕುರಿಗಳು ದೋಣಿಗೆ ದಾರಿ ಬಿಡಲು ಒಲ್ಲೆನೆಂದು ನಡುವೆಯೇ ನಿಂತವು, ಅವಕ್ಕೂ ಬೈಗುಳ ಸಿಕ್ಕಿತು. ಆಚೆ ನೀರಿಗೆ ಬಿಟ್ಟ ಮೇಲೆ ಅಜ್ಜ ಸೊಂಟದ ಚೀಲದಿಂದ ಭಂಡಾರ ತೆಗೆದು ದೋಣಿಯ ಮೂತಿಗೆ ಬಳಿದ. "ಬೀರಪ್ಪ ಅದಾನ, ಹೋಗಬೇ." ಎರಡನೆಯ ಬ್ಯಾರೇಜಿನಲ್ಲಿ ಕಬ್ಬು ಕಡಿಯುವವರು ಸಿಕ್ಕರು. ಅಲ್ಲಿ ಕೋಲಿನ ಬದಲು ಕಬ್ಬು ಹಾಸಿದರು. ದೋಣಿ ರಸ ಸುರಿಸಿಕೊಂಡು ಇಳಿದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಮುಂದೆ ಎರಡು ದಿನ ಇರುವೆಗಳ ಜೊತೆ ಪ್ರಯಾಣ.

ಇಷ್ಟರವರೆಗೆ ಯಾರೂ ಹುಟ್ಟು ಕೇಳಿರಲಿಲ್ಲ. ಅವರಾರೂ ಅಂಬಿಗರಲ್ಲ, ಅದಕ್ಕೆ. ರಾತ್ರಿ ತಂಗಿದ ದಂಡೆಗಳಲ್ಲಿ ಬಟ್ಟೆ ತೊಳೆಯುವ ಬಂಡೆಗಳಿದ್ದವೇ ಹೊರತು ದೋಣಿಗಳಿರಲಿಲ್ಲ. ನಾಲ್ಕನೆಯ ದಿನ ಇಳಿಹೊತ್ತಿಗೆ ಹಿನ್ನೀರಿನ ಬಾಯಿಗೆ ಬಂದೆ. ಹೊಳೆ ಅಗಲವಾಗಿ, ಆಚೆ ದಂಡೆ ಮಸುಕಾಗಿ, ಗಾಳಿ ಸಣ್ಣ ಸಣ್ಣ ತೆರೆ ಎಬ್ಬಿಸುತ್ತಿತ್ತು. ಅಲ್ಲೊಂದು ಊರು, ದಂಡೆಯಲ್ಲಿ ಮೂರು ದೋಣಿ. ಅತ್ತ ತಿರುಗಿಸಿದೆ.

ಒಬ್ಬ ಮುದುಕ ಧೋತರ ಎತ್ತಿ ಕಟ್ಟಿ ನೀರಿಗಿಳಿದ. ಎದೆಮಟ್ಟ ಬಂದು ಕೈ ಚಾಚಿದ. "ತಾರ ಯವ್ವಾ, ಹುಟ್ಟ ಕೊಡು."

ನನಗೆ ನೆನಪಾದದ್ದು ಅಪ್ಪ ಅಲ್ಲ, ಮಾವನ ಶರತ್ತು. ಇಷ್ಟು ದೂರ ಬೊಬ್ಬೆ ಒಡೆದುಕೊಂಡು ಬಂದದ್ದು ಇವನ ಕೈಗೆ ಕೊಡಲಿಕ್ಕೇ?

"ಕೊಡೂದಿಲ್ರಿ. ದೂರ ಸರೀರಿ, ನಾನ ಬರ್ತೇನಿ."

"ಎಡಕ್ಕ ಪೈಪ ಐತಿಬೇ!"

"ನನಗೂ ಕಣ್ಣ ಅದಾವ್ರಿ!"

ಕಣ್ಣಿದ್ದವು, ಕಾಣಲಿಲ್ಲ. ಹೊಲಗಳಿಗೆ ನೀರೆತ್ತುವ ಪಂಪಿನ ಪೈಪು ಒಂದು ಮೊಳ ನೀರಿನಡಿಯಲ್ಲಿ ಮಲಗಿತ್ತು, ಅದರ ತುದಿಯ ಕಬ್ಬಿಣದ ಚೌಕಟ್ಟು ನನ್ನ ದೋಣಿಯ ಹೊಟ್ಟೆಗೆ ಹೊಡೆಯಿತು. ಹಲಗೆ ಚಟ್ಟೆಂದಿತು. ನೀರು ಪಾದಕ್ಕೆ ಬಂತು, ಮೀನಖಂಡಕ್ಕೆ ಬಂತು. ಮುದುಕ ಅಲ್ಲೇ ನಿಂತಿದ್ದ. "ಈಗರ ಕೊಡ್ತಿಯೇನು?" ಎಂದ, ಚಹಾ ಬೇಕೇ ಎಂದು ಕೇಳಿದ ಹಾಗೆ.

ಕೊಟ್ಟೆ. ಅವನು ಹತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ನನಗೆ ಕಾಣದ ಎಂಥೆಂಥವನ್ನೋ ತಪ್ಪಿಸಿ ಮೂವತ್ತು ಮಾರು ತಂದು ದಂಡೆಗೆ ಹತ್ತಿಸಿದ. ನಾನು ಬೊಗಸೆಯಿಂದ ನೀರು ತೋಡಿ ಹಾಕುತ್ತ ಗಳಗಳ ಅತ್ತೆ. ದೋಣಿ ಒಡೆದದ್ದಕ್ಕಲ್ಲ. ಶರತ್ತು ಮುರಿಯಿತು, ಗೂಟ ಹೋಯಿತು ಎಂದು.

ಮರುದಿನ ಮುದುಕನೂ ನಾನೂ ಸೇರಿ ಬಿರುಕಿಗೆ ನೂಲು ಜಡಿದು, ಮೇಲೆ ತಗಡಿನ ತುಂಡು ಹೊಡೆದೆವು. ನನ್ನ ಉಳಿಯ ಏಟು ನೋಡಿ "ಛಲೋ ಕೈ ಐತಿ" ಎಂದ. ಆಮೇಲೆ ಮಾತು ತೆಗೆದ.

"ನಲವತ್ತ ವರ್ಷ ಆತು ಹೊಳ್ಯಾಗ. ಹುಟ್ಟ ಕೊಡೂದಿಲ್ಲ ಅಂದಾಕಿ ನೀನ ಮೊದಲನೇದಾಕಿ. ಮನಸಿಗಿ ಹತ್ತೇತಿ ನನಗ."

ಶರತ್ತನ್ನು ಹೇಳಿದೆ. ಮುದುಕ ಉಳಿ ಕೆಳಗಿಟ್ಟು ನಗತೊಡಗಿದ, ಕೆಮ್ಮು ಬರುವವರೆಗೆ ನಕ್ಕ. "ಶರತ್ತ ಹಾಕಿದಾವ ತಾ ಯಾವ ಪರದಂಡಿಗಿ ತಾನ ಹುಟ್ಟ ಹಾಕ್ಕೊಂಡ ಹತ್ತ್ಯಾನ, ಕೇಳವನ್ನ" ಎಂದ. ಕೆಮ್ಮು ನಿಂತ ಮೇಲೆ, "ನಾ ನಿನ್ನ ಹುಟ್ಟ ಕಸಗೊಳ್ಳಾಕ ಬಂದಿದ್ದಿಲ್ಲ ಯವ್ವಾ. ಅರಬಿ ತೊಳ್ಯಾಕ ಬಂದ ಹೆಣಮಗಳಿಗಿ ನಾ ನೀರಿಗಿ ಇಳೀತೇನೇನು? ಅಂಬಿಗ ಬಂದಾನ ಅಂತ ಇಳದೆ" ಎಂದ.

ಐವತ್ತಮೂರು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅಂಬಿಗನ ಮಗಳು ಎಂದಿದ್ದಾರೆ, ಅಂಬಿಗನ ಹೆಂಡತಿ ಎಂದಿದ್ದಾರೆ. ಆ ಮನುಷ್ಯ ನನಗೆ ಮರ್ಯಾದೆ ಕೊಡಲು ಚಳಿಗಾಲದ ನೀರಿಗೆ ಇಳಿದಿದ್ದ, ನಾನು ಅವನಿಗೆ ದೂರ ಸರಿ ಎಂದಿದ್ದೆ. ಕಾಲು ಮುಟ್ಟಲು ಬಾಗಿದೆ, "ಡಾಂಬರ ಆರತೈತಿ, ಹಚ್ಚ" ಎಂದು ಗದರಿದ.

ಎಳ್ಳಮಾಸಿಯ ಹಿಂದಿನ ದಿನ, ಬಿಸಿಲು ಏರುವ ಹೊತ್ತಿಗೆ ನಮ್ಮ ದಂಡೆ ಕಂಡಿತು. ಮೊದಲು ಗೂಟ ಹುಡುಕಿದೆ. ನಾನಿಲ್ಲದ ದಿನಗಳಲ್ಲಿ ನೀರು ಇಳಿದಿತ್ತು. ಹದಿನಾರು ಗೂಟ ನೀರಿನಂಚಿಗೆ ಸರಿದಿದ್ದವು. ನನ್ನದು ನಾಲ್ಕು ಮಾರು ಹಿಂದೆ, ಬಿರುಕು ಬಿಟ್ಟ ಕೆಸರಿನಲ್ಲಿ, ಒಂಟಿಯಾಗಿ. ಆದರೂ ಯಾರೂ ಕಿತ್ತಿರಲಿಲ್ಲ. ಇನ್ನೂ ಒಂದು ದಿನ ಇತ್ತಲ್ಲ.

ದಂಡೆಯಲ್ಲಿ ಜನ ಎದ್ದರು. ಕೈ ಅಡ್ಡ ಹಿಡಿದು ನೋಡಿದರು. ಗುರುತು ಹತ್ತಿದಾಗ ಒಂದು ಹೋ ಎಂಬ ಕೂಗು. ನಾನು ಮೂವತ್ತು ಮಾರು ದೂರದಲ್ಲಿ ಹುಟ್ಟು ಎತ್ತಿ ದೋಣಿಯೊಳಗಿಟ್ಟೆ, ಬೀಸುಕಲ್ಲಿನ ಹೋಳನ್ನು ನೀರಿಗೆ ಬಿಟ್ಟೆ, ಕುಳಿತೆ.

ಯಾರೂ ನೀರಿಗಿಳಿಯಲಿಲ್ಲ.

"ಬಾರಬೇ! ಅಲ್ಲ್ಯಾಕ ನಿಂತಿ?" ಎಂದರು.

"ಹುಟ್ಟ ಹಿಡ್ಯಾಕ ಯಾರ ಬರ್ತೀರಿ?" ಎಂದೆ.

ನಕ್ಕರು. ಮಾವ ಮುಂದೆ ಬಂದರು. ಅವರ ದನಿಗೆ ಮೂವತ್ತು ಮಾರು ಯಾವ ಲೆಕ್ಕ! "ನಿನಗ ನಾ ಏನ ಹೇಳಿದ್ದೆ? ಹುಟ್ಟ ಇನ್ನೊಬ್ಬರ ಕೈಗಿ ಕೊಡಬ್ಯಾಡ ಅಂದಿದ್ದೆ."

"ಒಂದ ಕಡೆ ಕೊಟ್ಟೇನ್ರಿ ಮಾವಾರ, ಸುಳ್ಳ ಹೇಳೂದಿಲ್ಲ. ಪರದಂಡ್ಯಾಗ ಒಬ್ಬ ಹಿರ್ಯಾ ಎದಿಮಟ ಇಳದು ಬಂದು ಹುಟ್ಟ ಹಿಡದ. ಉಳದದ್ದೆಲ್ಲಾ ಈ ಕೈಲೆ ಹಾಕೇನಿ, ನೋಡ್ರಿ." ಅಂಗೈ ಎತ್ತಿ ತೋರಿಸಿದೆ. "ನೀವ ಹೇಳ್ರಿ, ನೀವು ಯಾವ ಪರದಂಡಿಗಿ ನೀವ ಹುಟ್ಟ ಹಾಕ್ಕೊಂಡ ಹತ್ತೀರಿ? ಇಲ್ಲಿ ನಿಂತಾವ್ರಾಗ ಯಾರರ ಒಬ್ಬರ ಹತ್ತಿದ್ರ ಹೇಳ್ರಿ, ನಾ ಹಿಂಗ ಹಿಂಗ ತಿರಗಿ ಹೋಗ್ತೇನಿ."

ಮಾವ ಒಂದು ಸಲ ಹಿಂದೆ ತಿರುಗಿ ನೋಡಿದರು. ಹಿಂದಿನವರು ಬೀಡಿ ಹುಡುಕತೊಡಗಿದ್ದರು.

"ಆತು, ಶರತ್ತ ಬಿಡು" ಎಂದರು. "ಇದು ನಿನ್ನ ದಂಡಿನ ಅಲ್ಲೇನಬೇ? ತಮ್ಮ ದಂಡಿಗಿ ಬರಾವರಿಗಿ ಯಾರರ ಹುಟ್ಟ ಹಿಡೀತಾರೇನು? ಬಾ ಸುಮ್ಕ."

ಈ ಮಾತಿಗಾಗಿಯೇ ನಾನು ಐದು ದಿನ ಹುಟ್ಟು ಹಾಕಿದ್ದೇನೋ ಅನ್ನಿಸಿತು. ಎದ್ದು ನಿಂತೆ. ದೋಣಿ ಅಲುಗಿತು, ಕಾಲು ಅಗಲಿಸಿ ನಿಂತೆ.

"ನನ್ನ ದಂಡಿ ಆಗಿದ್ರ ನನ್ನ ಗೂಟ ಕೀಳ್ತೇವಿ ಅಂದದ್ದ್ಯಾಕ? ಎರಡರಾಗ ಒಂದ ಆಗಲಿ ಮಾವಾರ. ನಾ ಪರದಂಡ್ಯಾಕಿ ಅಂದ್ರ ನೀರಿಗಿ ಇಳದು ಹುಟ್ಟ ಹಿಡೀರಿ, ಅಂಬಿಗಗ ಕೊಡು ಮರ್ಯಾದಿ ಕೊಡ್ರಿ. ಇಲ್ಲಾ, ಇದು ನನ್ನ ದಂಡಿ ಅಂದ್ರ ಗೂಟ ನಂದು ಅಂತ ಎಲ್ಲಾರ ಮುಂದ ಹೇಳ್ರಿ, ನಾನ ಹುಟ್ಟ ಹಾಕ್ಕೊಂಡ ಬರ್ತೇನಿ. ಎರಡೂ ಆಗೂದಿಲ್ಲ ಅಂದ್ರ ಇಲ್ಲೇ ಕುಂದರ್ತೇನಿ. ರೊಟ್ಟಿ ಅದಾವ."

ಕುಳಿತೆ. ಖರೆ ಹೇಳಬೇಕೆಂದರೆ ರೊಟ್ಟಿ ಹಿಂದಿನ ದಿನವೇ ಮುಗಿದಿದ್ದವು.

ಬಿಸಿಲು ನೆತ್ತಿಗೆ ಬಂತು. ದಂಡೆಯ ಗಂಡಸರು ಗುಂಪಾಗಿ ಕೂತರು, ಎದ್ದರು, ಮತ್ತೆ ಕೂತರು. ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ನಿಂತರು. ನನ್ನ ನೆಗೆಣ್ಣಿ, "ಅಕ್ಕಾ, ಬಿಸಲಾಗ ಕುಂದರಬ್ಯಾಡ, ತಲೀ ಮ್ಯಾಲ ಸೆರಗ ಹಾಕ್ಕೊ" ಎಂದು ಕೂಗಿದಳು. ಬಾ ಎಂದು ಕೂಗಲಿಲ್ಲ, ಅದನ್ನು ನಾನು ಗಮನಿಸಿದೆ. ಗಾಳಿಗೆ ಕಲ್ಲು ಜಾರಿ ದೋಣಿ ಹಿಂದೆ ಹೋಗುತ್ತಿತ್ತು. ಪ್ರತಿ ಸಲ ಕಲ್ಲೆತ್ತಿ, ನಾಲ್ಕು ಹುಟ್ಟು ಮುಂದೆ ಹಾಕಿ, ಅದೇ ಜಾಗದಲ್ಲಿ ಮತ್ತೆ ಬಿಡುತ್ತಿದ್ದೆ. ಅಂಗೈಗೆ ಸುತ್ತಿದ ಬಟ್ಟೆ ಕೆಂಪಾಗಿತ್ತು. ಸಂಜೆಯಾದರೆ ಏನು ಮಾಡುವುದು ಎಂದು ನನಗೂ ಗೊತ್ತಿರಲಿಲ್ಲ. ಹೆದರಿಕೆ ಇತ್ತು. ಹೆದರಿಕೆಗಿಂತ ಸಿಟ್ಟು ಒಂದು ಗೇಣು ಎತ್ತರ ಇತ್ತು.

ಮಧ್ಯಾಹ್ನ ದಾಟಿದ ಮೇಲೆ ಮಾವ ಎದ್ದರು. ನೀರಿನ ಕಡೆ ಬರಲಿಲ್ಲ. ಬೆನ್ನು ತಿರುಗಿಸಿ ಮೇಲಕ್ಕೆ ನಡೆದರು, ಒಣ ಕೆಸರಿನ ಕಡೆಗೆ. ನನ್ನ ಗೂಟದ ಹತ್ತಿರ ನಿಂತರು. ಬಾಗಿ ಎರಡೂ ಕೈಯಲ್ಲಿ ಹಿಡಿದರು.

"ಮುಟ್ಟಬ್ಯಾಡ್ರಿ!" ಚೀರಿದೆ. "ಮಾವಾರ, ಮುಟ್ಟಬ್ಯಾಡ್ರಿ ಅದನ್ನ!"

ಅವರು ಅಲುಗಾಡಿಸಿದರು. ಎಡಕ್ಕೆ, ಬಲಕ್ಕೆ. ಗೂಟ ಕಿತ್ತು ಬಂತು. ಆಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಸೊಸೆ ಮಾವನಿಗೆ ಆಡುವ ಮಾತುಗಳಲ್ಲ, ಯಾರೂ ಯಾರಿಗೂ ಆಡುವಂಥವಲ್ಲ. ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು, ಹಿಟ್ಟು ಗಲ್ಲಕ್ಕೆ ಹತ್ತಿತು. ಮಾವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಲೇ ಗೂಟ ಹೆಗಲಿಗಿಟ್ಟುಕೊಂಡು ಇಳಿದು ಬಂದರು. ನೀರಿನಂಚಿಗೆ, ಹದಿನಾರು ಗೂಟಗಳ ಸಾಲಿಗೆ ಬಂದು ಒಂದು ಖಾಲಿ ಜಾಗ ನೋಡಿದರು. ಕೆಸರಿಗೆ ಗೂಟದ ತುದಿ ಊರಿದರು. ಯಾರ ಕೈಯಿಂದಲೋ ಸುತ್ತಿಗೆ ಇಸಿದುಕೊಂಡರು.

ಮೊದಲ ಏಟಿನ ಸದ್ದು ನೀರ ಮೇಲೆ ನನ್ನವರೆಗೆ ಬಂತು. ನನ್ನ ಬಾಯಿ ಮುಚ್ಚಿತು. ಎರಡನೆಯದು, ಮೂರನೆಯದು. ಇನ್ನೊಬ್ಬರ ಗೂಟಕ್ಕೆ ಕೈ ಹಾಕಿ ಕಿತ್ತದ್ದನ್ನು ನಮ್ಮ ದಂಡೆ ಕಂಡಿತ್ತು, ಕಿತ್ತದ್ದನ್ನು ನೀರಿನಂಚಿಗೆ ತಂದು ಬಡಿದದ್ದನ್ನು ಕಂಡಿರಲಿಲ್ಲ.

ಕಲ್ಲೆತ್ತಿದೆ. ಹುಟ್ಟು ನಾನೇ ಹಾಕಿದೆ. ಮೂವತ್ತು ಮಾರು, ಯಾವ ಕಲ್ಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮೂತಿ ಕೆಸರಿಗೆ ತಾಗಿತು. ಇಳಿದು, ಹಗ್ಗ ಹಿಡಿದು, ಒಂದು ವರ್ಷ ಖಾಲಿ ನಡೆಸಿದ ಗೂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಮಾವ ಪಕ್ಕದಲ್ಲೇ ನಿಂತಿದ್ದರು, ಏದುಸಿರು ಬಿಡುತ್ತಿದ್ದರು. ಬೈದದ್ದಕ್ಕೆ ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಅದು ಬರಲಿಲ್ಲ. ಕಣ್ಣಿಗೆ ಬಿದ್ದದ್ದು ಒಂದು ಕಡೆ ವಾಲಿದ್ದ ಗೂಟ.

"ಗೂಟ ಓರಿ ಆಗೇತ್ರಿ ಮಾವಾರ" ಎಂದೆ.

ಅವರು ಗೂಟವನ್ನು ನೋಡಿದರು, ನನ್ನ ಕೈ ನೋಡಿದರು, ಸುತ್ತಿಗೆಯನ್ನು ಮುಂದೆ ಚಾಚಿದರು.

"ನಿನ್ನ ಗೂಟ. ನೀನ ಸರಿ ಮಾಡ್ಕೊ."

ಇಸಿದುಕೊಂಡು, ಎರಡು ಏಟು ಹಾಕಿ, ನೆಟ್ಟಗೆ ಮಾಡಿದೆ.